ಗುಜರಿಗೆ ಹೋಗದೆ ಉಳಿದ ಮರುತ್

"ಉಸ್ತಾದ್, ಇದು ಇನ್ನು ಹಾರಲ್ಲ ಅಲ್ವಾ? ಹಾಗಾದ್ರೆ ಇದಕ್ಕೆ ಯಾಕೆ ಬಣ್ಣ ಹೊಡೀತಾರೆ?"

ನಮ್ಮ ಮದ್ರಸದ ಐದನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಕೇಳಿದ ಜಾಗ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್. ಎದುರಿಗೆ ನಿಂತಿದ್ದದ್ದು ಎಚ್‌ಎಫ್-24 ಮರುತ್. ನಮ್ಮದೇ ಕರ್ನಾಟಕದ ನೆಲದಲ್ಲಿ ವಿನ್ಯಾಸಗೊಂಡು, ಇಲ್ಲೇ ತಯಾರಾಗಿ, ಇಲ್ಲೇ ಮೊದಲು ಹಾರಿದ ಯುದ್ಧ ವಿಮಾನ. ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಅಲ್ಲೇ ನಿಂತು ಉತ್ತರ ಕೊಡಲು ನಮಗೆ ಆಗಲಿಲ್ಲ. ವಾಪಸ್ ಚುಂಚನಕಟ್ಟೆಗೆ ಬಂದ ಮೇಲೂ ಅದು ತಲೆಯಲ್ಲೇ ಉಳಿಯಿತು. ಈ ಲೇಖನ ಆ ಹುಡುಗನಿಗೆ ಕೊಡುವ ಉತ್ತರ ಅಂತಲೇ ಓದುಗರು ತಿಳಿದುಕೊಳ್ಳಬಹುದು.

ಚುಂಚನಕಟ್ಟೆ ಎಂದರೆ ಕರಾವಳಿಯ ನಮ್ಮವರಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಮೈಸೂರು ಜಿಲ್ಲೆಯ ಕೆ.ಆರ್. ನಗರದ ಕಡೆಯ ಊರು. ಕಾವೇರಿ ಇಲ್ಲಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಸಂಕ್ರಾಂತಿ ಹೊತ್ತಿಗೆ ದೊಡ್ಡ ದನಗಳ ಜಾತ್ರೆ ನಡೆಯುತ್ತದೆ. ಸುತ್ತಮುತ್ತ ಭತ್ತ, ಕಬ್ಬು, ಒಂದು ಸಕ್ಕರೆ ಕಾರ್ಖಾನೆ. ಘಟ್ಟ ಹತ್ತಿ ಬಂದ ಬ್ಯಾರಿ ಕುಟುಂಬಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯಲ್ಲೂ ಅಲ್ಲಲ್ಲಿ ಇವೆ. ಬೇಕರಿ, ಹಣ್ಣಿನ ವ್ಯಾಪಾರ, ಹೋಟೆಲು, ಗುಜರಿ. ಅವರ ಮಕ್ಕಳಿಗೆ ಬೆಳಿಗ್ಗೆ ಓದಿಸುವ ಕೆಲಸ ನಮ್ಮದು.

ಈ ಸಲ ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಚರ್ಚೆಯಾದಾಗ ಮೃಗಾಲಯ, ಅರಮನೆ ಎಲ್ಲಾ ನೋಡಿಯಾಗಿತ್ತು. "ವಿಮಾನ ನೋಡಬೇಕು" ಅಂದರು ಮಕ್ಕಳು. ಸುಬಹಿ ನಮಾಝ್ ಮುಗಿಸಿ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಮಕ್ಕಳ ಜೊತೆಗೆ ಹಿರಿಯರೊಬ್ಬರು ಇರಲಿ ಎಂದು ಊರಿನ ಗುಜರಿ ಅಂಗಡಿಯ ಕಾಕನೂ ಬಂದರು. ಅವರು ಬಂದದ್ದು ನಮ್ಮ ಭಾಗ್ಯ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಕಾಕನ ಲೆಕ್ಕ

ವಿಮಾನದ ಮುಂದೆ ನಿಂತ ಕೂಡಲೇ ಕಾಕ ಮಾಡಿದ್ದು ಒಂದೇ ಕೆಲಸ. ಕಣ್ಣಲ್ಲೇ ತೂಕ ಹಾಕಿದರು. ನಲವತ್ತು ವರ್ಷದ ಅಭ್ಯಾಸ. "ಆರು ಟನ್ ಬರ್ಬಹುದು ಉಸ್ತಾದರೇ" ಅಂದರು. ನಾವು ನಕ್ಕೆವು. ಆಮೇಲೆ ನೋಡಿದರೆ ಅವರ ಲೆಕ್ಕ ಸರಿಯೇ ಇತ್ತು. ಮರುತ್‌ನ ಖಾಲಿ ತೂಕ ಸುಮಾರು 6 ಟನ್. ಉದ್ದ 16 ಮೀಟರಿನ ಹತ್ತಿರ, ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ 9 ಮೀಟರು.

"ಹೆಚ್ಚಿನದ್ದು ಸಿಲ್ವರೇ. ಸಿಲ್ವರ್‌ಗೆ ಈಗ ಒಳ್ಳೆ ರೇಟ್ ಉಂಟು. ಇದನ್ನು ಇಲ್ಲಿ ಸುಮ್ಮನೆ ಬಿಸಿಲಿಗೆ ನಿಲ್ಸಿದ್ದಾರಲ್ಲ" ಅಂದರು. ನಾವು ಮನೆಯಲ್ಲಿ ಸಿಲ್ವರ್ ಪಾತ್ರೆ ಅನ್ನುವುದು ಅಲ್ಯೂಮಿನಿಯಂಗೆ. ವಿಮಾನದ ಮೈ ಬಹುಪಾಲು ಅದೇ. ಬರೀ ಅಲ್ಯೂಮಿನಿಯಂ ಮೆತ್ತಗೆ, ಹಾಗಾಗಿ ಸ್ವಲ್ಪ ತಾಮ್ರ ಮುಂತಾದ್ದನ್ನು ಬೆರೆಸಿ ಗಟ್ಟಿ ಮಾಡಿರುತ್ತಾರೆ.

ಕಾಕ ಕೇಳಿದ್ದೂ ಹುಡುಗ ಕೇಳಿದ್ದೂ ಒಂದೇ ಪ್ರಶ್ನೆ. ಹಾರದ ಮೇಲೆ ಇದು ಯಾತಕ್ಕೆ? ಒಬ್ಬರು ದುಡ್ಡಿನ ಕಡೆಯಿಂದ ಕೇಳಿದರು, ಇನ್ನೊಬ್ಬ ಮುಗ್ಧತೆಯಿಂದ. ಉತ್ತರ ಹೇಳಬೇಕಾದರೆ ಈ ವಿಮಾನ ಹುಟ್ಟಿದ ಕಥೆಯನ್ನೇ ಹೇಳಬೇಕು.

ದಿವಾನರು ಕೊಟ್ಟ ಜಾಗ

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಬಂದದ್ದು ಹೇಗೆ? 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ವಿಮಾನ ಕಾರ್ಖಾನೆ ಕಟ್ಟುವ ಆಸೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. ಸಂಸ್ಥಾನ 700 ಎಕರೆ ಜಾಗ ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿ ಹುಟ್ಟಿತು. ಮರುವರ್ಷವೇ ಅಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಹಾರಿತು. ಇವತ್ತಿನ ಎಚ್‌ಎಎಲ್‌ನ ಬೇರು ಅದೇ.

ಮೈಸೂರು ಸೀಮೆಯಲ್ಲಿ ಬದುಕುವ ನಮಗೆ ಮಿರ್ಝಾ ಇಸ್ಮಾಯಿಲ್ ಎಂದರೆ ಬೃಂದಾವನ, ಚೆಂದದ ರಸ್ತೆಗಳು, ನಗರದ ವೃತ್ತಗಳು ನೆನಪಾಗುತ್ತವೆ. ಆದರೆ ಬೆಂಗಳೂರಿನ ಆಕಾಶದಲ್ಲಿ ವಿಮಾನ ಹಾರಿಸಿದ್ದರಲ್ಲೂ ಅವರ ಕೈ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ನಾವು ಹೇಳಿದ್ದು ಕಡಿಮೆ. ಅಂದು ವ್ಯಾನಿನಲ್ಲಿ ಹೋಗುವಾಗ ಹೇಳಿದೆವು. ಮಕ್ಕಳಿಗಿಂತ ಡ್ರೈವರೇ ಹೆಚ್ಚು ಆಸಕ್ತಿಯಿಂದ ಕೇಳಿದರು!

ಸ್ವಾತಂತ್ರ್ಯ ಬಂದ ಮೇಲೆ ಈ ಕಾರ್ಖಾನೆ ಸ್ವಂತ ವಿನ್ಯಾಸಕ್ಕೆ ಕೈ ಹಾಕಿತು. 1951ರಲ್ಲಿ ಎಚ್‌ಟಿ-2 ಎಂಬ ಸಣ್ಣ ತರಬೇತಿ ವಿಮಾನ ಹಾರಿತು. ಅದಾದ ಮೇಲೆ ಕನಸು ದೊಡ್ಡದಾಯಿತು. ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧ ಜೆಟ್ ನಮ್ಮದೇ ಆಗಬೇಕು! 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಗಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ಜೊತೆ ನಮ್ಮ ಎಂಜಿನಿಯರುಗಳು ಕೂತು ಕೆಲಸ ಮಾಡಿದರು. 1959ರಲ್ಲಿ ಪೂರ್ತಿ ಅಳತೆಯ ಒಂದು ಮರದ ವಿಮಾನ ಮಾಡಿದರು. ಎಂಜಿನ್ ಇಲ್ಲದ್ದು. ಅದನ್ನು ಇನ್ನೊಂದು ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಟ್ಟು, ಗಾಳಿಯಲ್ಲಿ ಹೇಗೆ ಇಳಿಯುತ್ತದೆ ಎಂದು ನೋಡಿದರು. ಈಗಿನ ಹಾಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಪರೀಕ್ಷಿಸುವ ಕಾಲವಲ್ಲ ಅದು. ಬಡಗಿಯ ಕೈ, ಪೈಲಟಿನ ಎದೆಗಾರಿಕೆ, ಇವೆರಡರ ಮೇಲೆ ನಿಂತ ಕೆಲಸ.

1961ರ ಜೂನ್ 17ರಂದು ನಿಜವಾದ ಮರುತ್ ಬೆಂಗಳೂರಿನಲ್ಲಿ ನೆಲ ಬಿಟ್ಟು ಎದ್ದಿತು. ಹಾರಿಸಿದವರು ಸುರಂಜನ್ ದಾಸ್. 1967ರಲ್ಲಿ ವಾಯುಪಡೆ ಸೇರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆಯಲ್ಲಿ ಹೋರಾಡಿತು. ಒಟ್ಟು 147 ವಿಮಾನ ತಯಾರಾದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು.

ಎಂಜಿನ್ ಸಿಗದ ಕಥೆ

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. ಮರುತ್‌ನ ಮೈ ಚೆನ್ನಾಗಿತ್ತು. ಶಬ್ದದ ವೇಗ ಮೀರಬಹುದಾದ ಮೈ. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಸಿಕ್ಕಿದ್ದು ಬ್ರಿಟನ್ನಿನ ಆರ್ಫಿಯಸ್ ಎಂಬ ಸಣ್ಣ ಎಂಜಿನ್. ಅದನ್ನೇ ಎರಡು ಹಾಕಿದರು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಒಂದು ಎಂಜಿನ್ನನ್ನು ಹಾಕಿ ನೋಡುವ ಪ್ರಯತ್ನವೂ ನಡೆಯಿತು, ಕೈಗೂಡಲಿಲ್ಲ. ಹೀಗಾಗಿ ಓಟದ ಕುದುರೆಯ ಮೈಗೆ ಜಟಕಾ ಕುದುರೆಯ ಉಸಿರು ಕೊಟ್ಟ ಹಾಗಾಯಿತು. ಯಾವ ಕೆಲಸಕ್ಕೆ ಎಂದು ಹುಟ್ಟಿತೋ ಆ ಕೆಲಸವನ್ನು ಅದು ಕೊನೆಗೂ ಪೂರ್ತಿ ಮಾಡಲಿಲ್ಲ.

ಎಂಜಿನ್ನಿನ ಶಕ್ತಿ ಹೆಚ್ಚಿಸುವ ಪ್ರಯತ್ನವೇ ಒಂದು ಜೀವವನ್ನೂ ತೆಗೆದುಕೊಂಡಿತು. 1970ರ ಜನವರಿ 10ರಂದು ಹೆಚ್ಚಿನ ಶಕ್ತಿಯ ಎಂಜಿನ್ ಕೂರಿಸಿದ ಮರುತ್ ಬೆಂಗಳೂರಿನಲ್ಲಿ ಮೇಲೇಳುವಾಗ ಬಿದ್ದಿತು. ಒಳಗಿದ್ದವರು ಅದೇ ಸುರಂಜನ್ ದಾಸ್. ಮೊದಲ ಸಲ ಅದನ್ನು ಹಾರಿಸಿದ ಮನುಷ್ಯ ಅದರಲ್ಲೇ ಹೋದರು. ಬೆಂಗಳೂರಿನಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಸುರಂಜನ್ ದಾಸ್ ರಸ್ತೆ ಅಂತ ಹೆಸರಿದೆ. ನಮ್ಮ ಎಷ್ಟೋ ಹುಡುಗರು ಆ ರಸ್ತೆಯಲ್ಲಿ ಡೆಲಿವರಿ ಕೆಲಸಕ್ಕೆ ದಿನಕ್ಕೆ ಹತ್ತು ಸಲ ಓಡಾಡುತ್ತಾರೆ. ಆ ಹೆಸರು ಯಾರದ್ದು ಅಂತ ಅವರಿಗೆ ಗೊತ್ತಿದೆಯಾ?

ಆ ದಿನ ಮಕ್ಕಳಿಗೆ ನಾವು ಇಷ್ಟು ಹೇಳಿದಾಗ ಗಲಾಟೆ ಮಾಡುತ್ತಿದ್ದವರೂ ಸುಮ್ಮನಾದರು. ಅಷ್ಟು ಹೊತ್ತು ಅದು ಬರೀ ವಿಮಾನ. ಆಮೇಲೆ ಅದು ಒಬ್ಬ ಮನುಷ್ಯ ಕೂತಿದ್ದ ಜಾಗ.

ಬಣ್ಣ ಕೊನೆಯ ಕೆಲಸ

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ನಿವೃತ್ತಿಯಾದ ಯುದ್ಧ ವಿಮಾನವನ್ನು ಜನ ನೋಡುವ ಹಾಗೆ ಮಾಡುವುದು ಎಂದರೆ ತಂದು ನಿಲ್ಲಿಸಿ ಬಣ್ಣ ಬಳಿಯುವುದು ಅಂತ ನಾವೂ ತಿಳಿದಿದ್ದೆವು. ಬಣ್ಣ ಎಲ್ಲಕ್ಕಿಂತ ಕೊನೆಯ ಕೆಲಸ.

ಮೊದಲ ಕೆಲಸ ಅಪಾಯ ತೆಗೆಯುವುದು. ಯುದ್ಧ ವಿಮಾನದಲ್ಲಿ ಪೈಲಟಿನ ಸೀಟಿನ ಕೆಳಗೇ ಸಿಡಿಮದ್ದು ಇರುತ್ತದೆ. ಅಪಾಯದಲ್ಲಿ ಸೀಟಿನ ಸಮೇತ ಅವನನ್ನು ಹೊರಕ್ಕೆ ಚಿಮ್ಮಿಸಲಿಕ್ಕೆ. ವಿಮಾನ ನಿವೃತ್ತಿಯಾದರೂ ಆ ಮದ್ದು ನಿವೃತ್ತಿಯಾಗುವುದಿಲ್ಲ. ಗೊತ್ತಿರುವ ಕೈಯೇ ಅದನ್ನು ತೆಗೆಯಬೇಕು. ಬಂದೂಕು, ಗುಂಡು ಎಲ್ಲಾ ಬರಿದು ಮಾಡಬೇಕು. ಟ್ಯಾಂಕಿನಲ್ಲಿ, ಕೊಳವೆಗಳಲ್ಲಿ ಉಳಿದ ಇಂಧನ, ಎಣ್ಣೆ ಹನಿ ಬಿಡದೆ ಸುರಿಯಬೇಕು. ತೀರಾ ಹಳೆಯ ಕೆಲವು ವಿಮಾನಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಎಂದು ಮೀಟರುಗಳ ಮುಳ್ಳಿಗೆ ರೇಡಿಯಂ ಬಳಿದಿರುತ್ತಾರೆ. ಅದನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಎಂಜಿನ್ನನ್ನು ಎಷ್ಟೋ ಸಲ ಹೊರಗೆ ತೆಗೆದು ಬೇರೆಯಾಗಿಯೇ ಇಡುತ್ತಾರೆ. ಹೆರಿಟೇಜ್ ಸೆಂಟರಿನಲ್ಲೂ ಎಂಜಿನ್‌ಗಳಿಗೇ ಒಂದು ವಿಭಾಗ ಇದೆ.

ಎರಡನೆಯದು ದಾಖಲೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕ್ಯಾಮೆರಾ ಹಿಡಿಯಬೇಕು. ಯಾವ ಫಲಕ ಎಲ್ಲಿತ್ತು, ಯಾವ ಬರಹ ಯಾವ ಜಾಗದಲ್ಲಿತ್ತು, ಹಳೆಯ ಬಣ್ಣದ ಕೆಳಗೆ ಯಾವ ಬಣ್ಣ ಇತ್ತು, ಎಲ್ಲಾ ಬರೆದಿಡಬೇಕು. "ಇಲ್ಲಿ ಕಾಲಿಡಬೇಡಿ" ಎಂಬಂಥ ಸಣ್ಣ ಸಣ್ಣ ಬರಹಗಳು ವಿಮಾನದ ಮೈಮೇಲೆಲ್ಲಾ ಇರುತ್ತವೆ. ಅವಸರದಲ್ಲಿ ಉಜ್ಜಿ ತೆಗೆದರೆ ಆಮೇಲೆ ಯಾರ ಬಳಿ ಕೇಳುವುದು?

ಮೂರನೆಯದು ಕೊಳೆತದ್ದನ್ನು ಹುಡುಕುವುದು. ಇದನ್ನು ನಮ್ಮ ಅಡುಗೆಮನೆಯ ಉದಾಹರಣೆಯಲ್ಲೇ ಹೇಳಬಹುದು. ಸಿಲ್ವರ್ ಪಾತ್ರೆಯಲ್ಲಿ ಹುಳಿ, ಉಪ್ಪು ಹಾಕಿದ್ದನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ತಳದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಮನೆಯ ಹೆಂಗಸರಿಗೆಲ್ಲಾ ಗೊತ್ತು. ವಿಮಾನಕ್ಕೂ ಅದೇ ಕಾಯಿಲೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿ ಏಳುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಅಡಿಯಲ್ಲಿ ತಗಡು ಪದರ ಪದರವಾಗಿ ಬಿಟ್ಟುಕೊಂಡಿರುತ್ತದೆ.

ಇಲ್ಲಿ ಕಾಕ ಪಾಠ ಶುರು ಮಾಡಿದರು. ಮಕ್ಕಳೆಲ್ಲಾ ನಮ್ಮನ್ನು ಬಿಟ್ಟು ಅವರ ಸುತ್ತ ಸೇರಿದರು. "ನೋಡಿ ಮಕ್ಕಳೇ, ಸಿಲ್ವರ್ ತಗಡಿಗೆ ಕಬ್ಬಿಣದ ಬೋಲ್ಟ್ ಹಾಕಿದ್ರೆ, ಅಲ್ಲಿ ನೀರು ನಿಂತ್ರೆ, ಯಾವುದು ಮೊದಲು ಹೋಗ್ತದೆ? ಬೋಲ್ಟ್ ಅಲ್ಲ, ಸಿಲ್ವರ್! ಬೋಲ್ಟಿನ ಸುತ್ತ ತಿಂದು ಹಾಕ್ತದೆ. ನಾನು ಎಷ್ಟು ಬಾಗಿಲು, ಕಿಟಕಿ ಒಡೆದಿಲ್ಲ!" ಎಂದರು. ಪುಸ್ತಕದಲ್ಲಿ ಇದೇ ಮಾತು ದೊಡ್ಡ ದೊಡ್ಡ ಶಬ್ದಗಳಲ್ಲಿ ಇರುತ್ತದೆ. ಎರಡು ಬೇರೆ ಬೇರೆ ಲೋಹ ತಾಗಿಕೊಂಡು, ನಡುವೆ ತೇವ ಸೇರಿದರೆ ಒಂದು ಇನ್ನೊಂದನ್ನು ಸವೆಸುತ್ತದೆ. ವಿಮಾನ ಉಳಿಸುವವರು ದಿನವೂ ಹೋರಾಡುವುದು ಇದರ ಜೊತೆಗೇ. ಶಾಲೆಯ ಮೆಟ್ಟಿಲನ್ನು ಏಳನೆಯ ತರಗತಿಗೇ ಇಳಿದ ಕಾಕನಿಗೆ ಇದು ಕೈಯಿಂದಲೇ ಗೊತ್ತು.

ನಾಲ್ಕನೆಯದು ರಿಪೇರಿ. ಹಾಳಾದ ತಗಡನ್ನು ಕತ್ತರಿಸಿ ಅದೇ ಬಗೆಯ ತಗಡು ಕೂರಿಸಿ ರಿವಿಟ್ ಹೊಡೆಯಬೇಕು. ಬಿಸಿಲಿಗೆ ಮಬ್ಬಾದ ಪೈಲಟಿನ ಗಾಜಿನ ಮುಚ್ಚಳವನ್ನು ಉಜ್ಜಿ ಉಜ್ಜಿ ತಿಳಿ ಮಾಡಬೇಕು. ಅದು ನಿಜವಾಗಿ ಗಾಜಲ್ಲ, ಒಂದು ಬಗೆಯ ಪ್ಲಾಸ್ಟಿಕ್. ಟಯರಿನ ಮೇಲೆ ಇಡೀ ಭಾರ ವರ್ಷಗಟ್ಟಲೆ ನಿಂತರೆ ಅದು ಒಡೆಯುತ್ತದೆ. ಆದ್ದರಿಂದ ಕೆಳಗೆ ಆಧಾರ ಕೊಟ್ಟು ಭಾರ ಇಳಿಸಬೇಕು. ಮಳೆ ನೀರು ಹೊಟ್ಟೆಯಲ್ಲಿ ನಿಲ್ಲದ ಹಾಗೆ ಕೆಳಗೆ ಸಣ್ಣ ತೂತು ಬಿಡಬೇಕು. ಗಾಳಿ ಎಳೆಯುವ ಬಾಯಿಗೂ ಹೊಗೆ ಬಿಡುವ ಬಾಲಕ್ಕೂ ಜಾಲರಿ ಮುಚ್ಚಬೇಕು. ಇಲ್ಲದಿದ್ದರೆ ಪಾರಿವಾಳ, ಕಣಜ ಎಲ್ಲಾ ಅಲ್ಲೇ ಮನೆ ಮಾಡುತ್ತವೆ. ಹಕ್ಕಿಯ ಹಿಕ್ಕೆ ಲೋಹವನ್ನು ತಿನ್ನುತ್ತದೆ.

ಇಷ್ಟಾದ ಮೇಲೆ ಬಣ್ಣ. ಅದೂ ಮನಸ್ಸಿಗೆ ಬಂದ ಬಣ್ಣ ಅಲ್ಲ. ಮೊದಲು ತಗಡಿಗೆ ಬಣ್ಣ ಹಿಡಿಯುವ ಹಾಗೆ ರಾಸಾಯನಿಕ ಲೇಪ, ಮೇಲೆ ಪ್ರೈಮರ್, ಅದರ ಮೇಲೆ ಆ ವಿಮಾನ ಸೇವೆಯಲ್ಲಿದ್ದಾಗ ಇದ್ದ ಅದೇ ಬಣ್ಣ. ವಾಯುಪಡೆಯ ದುಂಡು ಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದರ ಅಳತೆ ತಪ್ಪಬಾರದು. ಬಾಲದ ಮೇಲಿನ ಸಂಖ್ಯೆ ತಪ್ಪಬಾರದು. ಸಂಖ್ಯೆ ತಪ್ಪಿದರೆ ಅದು ಬೇರೆಯವರ ವಿಮಾನ ಆಗಿಬಿಡುತ್ತದೆ.

ಕಾರವಾರದ ದೊಡ್ಡ ಹಕ್ಕಿ

ಕರಾವಳಿಯ ಓದುಗರಿಗೆ ಇದನ್ನು ಹತ್ತಿರದಿಂದ ನೋಡಬೇಕು ಅನ್ನಿಸಿದರೆ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧ ನೌಕೆಯ ಬದಿಯಲ್ಲಿ ನೌಕಾಪಡೆಯ ಟುಪಲೆವ್-142 ವಿಮಾನ ನಿಂತಿದೆ. ಅದು ಮರುತ್‌ನಂಥ ಸಣ್ಣ ಜೆಟ್ ಅಲ್ಲ. 50 ಮೀಟರಿಗೂ ಹೆಚ್ಚು ಉದ್ದದ, ನಾಲ್ಕು ಎಂಜಿನ್ನಿನ, ಒಂದೊಂದು ಎಂಜಿನ್ನಿಗೆ ಎರಡೆರಡು ಪಂಖಗಳು ಎದುರು ಬದಿರಾಗಿ ತಿರುಗುವ ದೈತ್ಯ. ಸಮುದ್ರದ ಅಡಿಯ ಜಲಾಂತರ್ಗಾಮಿಗಳನ್ನು ಹುಡುಕುವ ಕೆಲಸ ಅದರದ್ದು. 1988ರಿಂದ 29 ವರ್ಷ ದುಡಿದು 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂನಲ್ಲಿ ಈ ಬಗೆಯ ವಿಮಾನಗಳೆಲ್ಲಾ ನಿವೃತ್ತಿಯಾದವು. ಒಂದು ವಿಶಾಖಪಟ್ಟಣಕ್ಕೆ ಹೋಯಿತು, ಒಂದು ನಮ್ಮ ಕಾರವಾರಕ್ಕೆ ಬಂತು.

ಬಂದದ್ದು ಹಾರಿಕೊಂಡಲ್ಲ. ಅರಕ್ಕೋಣಂನಲ್ಲಿ ರೆಕ್ಕೆ, ಬಾಲ, ಮೈ ಎಲ್ಲಾ ಬೇರೆ ಬೇರೆ ಮಾಡಿ, ಲಾರಿಗಳಲ್ಲಿ ಹೇರಿ, ರಸ್ತೆಯಲ್ಲೇ ತಂದು, ಇಲ್ಲಿ ಮತ್ತೆ ಜೋಡಿಸಿದ್ದು. ಕಾಕನಿಗೆ ಇದನ್ನು ಹೇಳಿದಾಗ, "ಬಿಚ್ಚೋದು ಯಾರಿಗೂ ಬರ್ತದೆ ಉಸ್ತಾದರೇ, ತಿರುಗಿ ಜೋಡಿಸೋದು ಉಂಟಲ್ಲ, ಅದು ಕೆಲಸ" ಅಂದರು. ಸಮುದ್ರದ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಉಳಿಸುವುದು ಘಟ್ಟದ ಮೇಲಿನ ಊರುಗಳಿಗಿಂತ ಎಷ್ಟೋ ಕಷ್ಟ. ತೊಳೆಯುವುದು, ಒರೆಸುವುದು, ಬಣ್ಣ ಬಿಟ್ಟಲ್ಲಿ ಕೂಡಲೇ ಮುಚ್ಚುವುದು ಎಂದೂ ಮುಗಿಯದ ಕೆಲಸ.

ಈ ಮಾತನ್ನು ಈಗ ಹೇಳುವುದಕ್ಕೆ ಕಾರಣ ಇದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳೂ ನಿವೃತ್ತಿಯಾದವು. 1963ರಿಂದ ಇದ್ದ ವಿಮಾನ. ಇನ್ನು ಮುಂದೆ ನಮ್ಮ ಊರಿಗೊಂದು ಕೊಡಿ, ನಮ್ಮ ಕಾಲೇಜಿಗೊಂದು ಕೊಡಿ ಎಂಬ ಬೇಡಿಕೆ ಬರುವುದು ಸಹಜ. ಕೇಳುವುದು ತಪ್ಪಲ್ಲ. ಆದರೆ ತಂದು ನಿಲ್ಲಿಸುವ ದಿನ ಬ್ಯಾಂಡು, ಹಾರ, ಫೋಟೋ ಎಲ್ಲಾ ಇರುತ್ತದೆ. ಐದು ವರ್ಷ ಕಳೆದ ಮೇಲೆ? ನಾವು ಒಂದು ಊರಿನ ವೃತ್ತದಲ್ಲಿ ಇಂಥದ್ದೇ ಒಂದು ವಿಮಾನ ನೋಡಿದ್ದೇವೆ. ಗಾಜು ಒಡೆದಿತ್ತು. ರೆಕ್ಕೆಯ ಮೇಲೆ ಯಾರದೋ ಹೆಸರು ಗೀಚಿತ್ತು. ಯಾವ ವಿಮಾನ, ಯಾವ ವರ್ಷದ್ದು ಎಂದು ಹೇಳುವ ಫಲಕದ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿದ್ದರು. ಇದಕ್ಕಿಂತ ಅದನ್ನು ತೂಕಕ್ಕೆ ಹಾಕಿದ್ದರೇ ಮರ್ಯಾದೆ ಉಳಿಯುತ್ತಿತ್ತೇನೋ.

ಉಳಿಸಲು ಕೊಟ್ಟ ವಸ್ತು ಅಮಾನತ್ತು. ಅಮಾನತ್ತನ್ನು ಪಡೆಯುವ ದಿನದ ಸಂಭ್ರಮಕ್ಕಿಂತ ಕಾಯುವ ದಿನಗಳ ಲೆಕ್ಕ ದೊಡ್ಡದು. ವಿಮಾನ ಕೇಳುವ ಊರು ಮೊದಲು ಇದನ್ನು ಕೇಳಿಕೊಳ್ಳಲಿ: ನಿಲ್ಲಿಸಲು ಗಟ್ಟಿ ಅಡಿಪಾಯ ಇದೆಯಾ? ಸಾಧ್ಯವಾದರೆ ಮೇಲೊಂದು ಸೂರು ಹಾಕುತ್ತೀರಾ? ವರ್ಷವರ್ಷವೂ ತೊಳೆದು ಪರೀಕ್ಷಿಸುವವರು ಯಾರು? ಅದರ ಕಥೆ ಹೇಳುವವರು ಯಾರು?

ಕಾಕ ಹೇಳಿದ ಲಾರಿ ಕಥೆ

ವಾಪಸ್ ಬರುವಾಗ ಮದ್ದೂರು ದಾಟುವ ಹೊತ್ತಿಗೆ ಮಕ್ಕಳೆಲ್ಲಾ ನಿದ್ದೆ ಹೋಗಿದ್ದರು. ಕಾಕ ಮಾತ್ರ ಎಚ್ಚರವಿದ್ದರು. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಒಂದು ವಿಷಯ ಹೇಳಿದರು.

ಅವರ ಬಾಪ ಲಾರಿ ಡ್ರೈವರ್. ಸ್ವಂತದ್ದೊಂದು ಹಳೇ ಫಾರ್ಗೋ ಲಾರಿ ಇತ್ತಂತೆ. ಅದರಲ್ಲಿ ಕರಾವಳಿಯಿಂದ ಒಣಮೀನು, ಹೆಂಚು ಹೇರಿಕೊಂಡು ಘಟ್ಟ ಹತ್ತುವುದು, ಇಲ್ಲಿಂದ ಅಕ್ಕಿ ಹೇರಿಕೊಂಡು ಇಳಿಯುವುದು. ಆ ಲಾರಿಯಿಂದಲೇ ಆರು ಮಕ್ಕಳ ಹೊಟ್ಟೆ ತುಂಬಿತು, ಮೂವರು ಹೆಣ್ಣುಮಕ್ಕಳ ಮದುವೆ ಆಯಿತು. ಅವರ ಕುಟುಂಬ ಈ ಕಡೆ ನೆಲೆಯಾದದ್ದೂ ಆ ಲಾರಿ ಒಮ್ಮೆ ಕೆಟ್ಟು ಇಲ್ಲಿ ನಿಂತದ್ದರಿಂದಲೇ. ಬಾಪ ತೀರಿದ ಮೇಲೆ ಲಾರಿ ಅಂಗಡಿಯ ಹಿಂದೆ ನಿಂತಿತ್ತು. ಕಬ್ಬಿಣಕ್ಕೆ ಒಳ್ಳೆ ರೇಟು ಬಂದ ಒಂದು ವರ್ಷ ಕಾಕ ತಾವೇ ಗ್ಯಾಸ್ ಕಟರ್ ಹಿಡಿದು ಅದನ್ನು ಒಡೆದರು.

"ಎರಡು ದಿನದಲ್ಲಿ ಮುಗೀತು ಉಸ್ತಾದರೇ. ಒಳ್ಳೆ ದುಡ್ಡೂ ಬಂತು. ಆಗ ಏನೂ ಅನ್ನಿಸ್ಲಿಲ್ಲ. ಈಗ ಮೊಮ್ಮಗ ಕೇಳ್ತಾನೆ, ಅಜ್ಜನ ಲಾರಿ ಹೇಗಿತ್ತು ಅಂತ. ಕೈಯಲ್ಲಿ ಹೀಗೆ ಹೀಗೆ ಮಾಡಿ ತೋರಿಸ್ತೇನೆ. ಒಂದು ಫೋಟೋ ಸಹ ಇಲ್ಲ ನಮ್ಮ ಹತ್ರ."

ನಾವು ಏನೂ ಹೇಳಲಿಲ್ಲ. ಹೇಳುವಂಥದ್ದೂ ಏನಿರಲಿಲ್ಲ. ಕಾಕನನ್ನು ತಪ್ಪು ಅನ್ನಲೂ ಆಗುವುದಿಲ್ಲ. ಮನೆ ನಡೆಯಬೇಕು. ಎಲ್ಲಾ ಹಳೆಯದ್ದನ್ನೂ ಇಟ್ಟುಕೊಂಡು ಕೂರಲು ಯಾರಿಗೂ ಜಾಗ ಇಲ್ಲ. 147 ಮರುತ್‌ಗಳಲ್ಲೂ ಉಳಿದದ್ದು ಬೆರಳೆಣಿಕೆಯಷ್ಟೇ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು, ಮುಂಬೈಯ ನೆಹರು ವಿಜ್ಞಾನ ಕೇಂದ್ರದಲ್ಲಿ ಒಂದು, ಕುರ್ಟ್ ಟ್ಯಾಂಕ್ ಅವರ ದೇಶ ಜರ್ಮನಿಯ ಮ್ಯೂಸಿಯಂ ಒಂದರಲ್ಲಿ ಒಂದು, ಹೀಗೆ. ಎಲ್ಲವನ್ನೂ ಉಳಿಸಬೇಕು ಅಂತಲ್ಲ. ಒಂದನ್ನಾದರೂ ಸರಿಯಾಗಿ ಉಳಿಸಬೇಕು.

ಹುಡುಗನಿಗೆ ಉತ್ತರ

ಹಾಗಾದರೆ ಹಾರದ ವಿಮಾನಕ್ಕೆ ಯಾಕೆ ಬಣ್ಣ ಹೊಡೆಯುತ್ತಾರೆ? ಗೆದ್ದದ್ದನ್ನು ತೋರಿಸಿಕೊಳ್ಳಲಿಕ್ಕೆ ಮಾತ್ರ ಅಲ್ಲ. ಸೋತದ್ದು ಎಲ್ಲಿ ಎಂದು ನೋಡಲಿಕ್ಕೂ.

ಮರುತ್‌ಗೆ ಎಂಜಿನ್ ಸಿಗಲಿಲ್ಲ. ಆ ಕೊರತೆ ಇಂದಿಗೂ ಪೂರ್ತಿ ತೀರಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ತೇಜಸ್ ಯುದ್ಧ ವಿಮಾನ 2001ರ ಜನವರಿ 4ರಂದು ಮೊದಲು ಹಾರಿತು. ಅದಕ್ಕೂ ಎಂಜಿನ್ ಅಮೆರಿಕದ್ದು. ತೇಜಸ್‌ಗೆಂದೇ ಬೆಂಗಳೂರಿನ ಪ್ರಯೋಗಾಲಯದಲ್ಲಿ 1980ರ ದಶಕದಿಂದ ಒಂದು ಎಂಜಿನ್ ತಯಾರಿಸುವ ಪ್ರಯತ್ನ ಶುರುವಾಯಿತು. ಬೇಕಾದಷ್ಟು ಶಕ್ತಿ ಬಾರದ್ದರಿಂದ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಆದರೆ ಕೆಲಸ ಕೈಬಿಟ್ಟಿಲ್ಲ. ಆ ಎಂಜಿನ್ನಿನ ಹೆಸರೇನು ಗೊತ್ತೇ? ಕಾವೇರಿ. ನಮ್ಮ ಚುಂಚನಕಟ್ಟೆಯ ಬಂಡೆಗಳ ಮೇಲೆ ಧುಮುಕುವ ಅದೇ ಹೆಸರು.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮಕ್ಕಳ ಕಣ್ಣು ಅಗಲವಾಯಿತು. "ಹಾಗಾದ್ರೆ ಕಾವೇರಿ ಯಾವಾಗ ಹಾರ್ತದೆ ಉಸ್ತಾದ್?" ಅಂತ ಅದೇ ಹುಡುಗ ಕೇಳಿದ. "ನೀನು ಕಲಿತರೆ ಬೇಗ ಹಾರ್ತದೆ ಮೋನೆ" ಅಂದೆವು. ತಮಾಷೆಗೆ ಹೇಳಿದ್ದಲ್ಲ. ನಮ್ಮಲ್ಲಿ ಹುಡುಗರು ಹತ್ತನೇ ಕ್ಲಾಸು ಮುಗಿಸಿದರೆ ಪಾಸ್‌ಪೋರ್ಟಿನ ಯೋಚನೆ. ಗಲ್ಫಿಗೆ ಹೋಗಿ ವೆಲ್ಡಿಂಗ್, ಪೇಂಟಿಂಗ್, ಫಿಟ್ಟಿಂಗ್ ಕೆಲಸವನ್ನು ಅಲ್ಲೇ ಪೆಟ್ಟು ತಿಂದು ಕಲಿಯುವವರು ಎಷ್ಟೋ ಮಂದಿ. ಅದೇ ಕೆಲಸವನ್ನು ಐಟಿಐಯಲ್ಲಿ ಒಂದೆರಡು ವರ್ಷ ಕ್ರಮವಾಗಿ ಕಲಿತರೆ ಎಚ್‌ಎಎಲ್‌ನಂಥ ಕಡೆ ಅಪ್ರೆಂಟಿಸ್ ಆಗಿ ಸೇರುವ ದಾರಿ ಇದೆ. ವಿಮಾನ ಕಟ್ಟುವುದಕ್ಕೂ ಉಳಿಸುವುದಕ್ಕೂ ಬೇಕಾದದ್ದು ಇದೇ ಫಿಟ್ಟರ್, ಶೀಟ್ ಮೆಟಲ್, ವೆಲ್ಡರ್, ಪೇಂಟರ್ ಕೈಗಳು. ಕಾಕನಿಗೆ ನಲವತ್ತು ವರ್ಷದಲ್ಲಿ ಕೈಗೆ ಬಂದ ವಿದ್ಯೆಗೆ ಒಂದು ಸರ್ಟಿಫಿಕೇಟು ಇದ್ದಿದ್ದರೆ ಅವರೂ ಒಡೆಯುವ ಬದಲು ಜೋಡಿಸುವ ಕಡೆ ಇರುತ್ತಿದ್ದರೋ ಏನೋ.

ಓದುಗರಲ್ಲಿ ಒಂದು ವಿನಂತಿ. ಬೆಂಗಳೂರಿಗೆ ಹೋದಾಗ ಮಾಲ್ ತಿರುಗುವ ಹೊತ್ತಿನಲ್ಲಿ ಎರಡು ಗಂಟೆ ಉಳಿಸಿ ಮಕ್ಕಳಿಗೆ ಮರುತ್ ತೋರಿಸಿ. ಎದುರಿಗೆ ನಿಲ್ಲಿಸಿ ಫೋಟೋ ತೆಗೆದು ಬಂದರೆ ಸಾಲದು. ಯಾರು ಜಾಗ ಕೊಟ್ಟರು, ಯಾರು ಕಟ್ಟಿದರು, ಯಾರು ಅದರಲ್ಲಿ ಜೀವ ಬಿಟ್ಟರು, ಎಲ್ಲಿ ಸೋತೆವು ಎಂದು ಹೇಳಿ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಮನೆಗೆ ಬಂದು ಹುಡುಕಿ. ನಾವೂ ಹಾಗೇ ಮಾಡಿದ್ದು.

ಕಳೆದ ವಾರ ಕಾಕನ ಅಂಗಡಿಗೆ ಹೋಗಿದ್ದೆವು. ಒಡೆಯಲು ಬಂದ ಸಾಮಾನಿನ ರಾಶಿಯಿಂದ ಒಂದು ಹಳೆಯ ಲಾರಿಯ ಸ್ಟೇರಿಂಗ್ ಬೇರೆ ತೆಗೆದು ಗೋಡೆಗೆ ಒರಗಿಸಿಟ್ಟಿದ್ದರು. ತುಕ್ಕು ಉಜ್ಜಿ, ಪ್ರೈಮರ್ ಹೊಡೆದಾಗಿತ್ತು.

"ಬಾಪನದ್ದಲ್ಲ ಉಸ್ತಾದರೇ, ಯಾರದ್ದೋ. ಆದ್ರೆ ಅಜ್ಜನ ಲಾರೀದು ಹೀಗೇ ಇತ್ತು ಅಂತ ಮೊಮ್ಮಗನಿಗೆ ತೋರಿಸ್ಬಹುದಲ್ಲ" ಅಂದರು.